ಕಿವಿ ಮುಟ್ಟಿಕೊಂಡು ಹೇಳಿದ ಮಾತು

ನನ್ನ ಮಾವ ಹಿಂದೊಮ್ಮೆ ಒಂದು ಪಂಜಾಬಿ ಸಿನಿಮಾದ ಹಾಡಿಗೆ ಧಾಟಿ ಕಟ್ಟಿದ್ದರು. ಎಷ್ಟೋ ವರ್ಷಗಳ ನಂತರ ಆ ಧಾಟಿ ಲಾಸ್ ಏಂಜಲಿಸ್‌ನಲ್ಲಿ ತಯಾರಾದ ಇಂಗ್ಲಿಷ್ ಸಿನಿಮಾವೊಂದರಲ್ಲಿ ಬಂತು. ಕೊನೆಯಲ್ಲಿ ಹೆಸರುಗಳು ಸಾಲಾಗಿ ಮೇಲೇರುವಾಗ ಅದರ ಎದುರಿಗೆ ‘ಸಾಂಪ್ರದಾಯಿಕ’ ಎಂದು ಬರೆದಿತ್ತು. ವಿಷಯ ಇಷ್ಟೇ. ಇದನ್ನು ಸಮಾಧಾನದಿಂದ ಬರೆಯಬೇಕೆಂದು ಹಲವು ಸಲ ಕೂತೆ, ಆಗಲಿಲ್ಲ. ಈಗ ಸಮಾಧಾನವೇ ಬೇಡ ಎಂದುಕೊಂಡು ಬರೆಯುತ್ತಿದ್ದೇನೆ.

ಮಾವ ಸ್ಯಾನ್ ಡಿಯಾಗೋದ ನಮ್ಮ ಮನೆಗೆ ಬಂದದ್ದು 2020ರ ಆರಂಭದಲ್ಲಿ, ಒಂದೆರಡು ತಿಂಗಳು ಮಗಳ ಜೊತೆ ಇದ್ದು ಹೋಗಲು. ವಿಮಾನಗಳು ನಿಂತವು, ಅವರೂ ನಿಂತರು. ಅತ್ತೆ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಮುಂಬೈಯ ಮನೆಯಲ್ಲಿ ಇವರ ದಾರಿ ಕಾಯುವವರು ಯಾರೂ ಇರಲಿಲ್ಲ. ವಿಮಾನಗಳು ಮತ್ತೆ ಹಾರತೊಡಗಿದಾಗ ನನ್ನ ಹೆಂಡತಿ ಆ ಮಾತೆತ್ತಲಿಲ್ಲ, ಅವರೂ ಎತ್ತಲಿಲ್ಲ. ಹೀಗೆ ಉಳಿದುಬಿಟ್ಟರು. ಅವಳು ಅಪ್ಪನನ್ನು ಪಾಪಾಜಿ ಎನ್ನುತ್ತಾಳೆ, ನಾನೂ ಹಾಗೇ ಕರೆಯುತ್ತೇನೆ. ಅವರಿಗೆ ನಾನು ‘ಪುತ್ತರ್’, ಅಂದರೆ ಮಗ. ಮನೆಯಲ್ಲಿ ನಾವು ಆಡುವುದು ಹಿಂದಿ. ಅಪ್ಪ ಮಗಳ ಜಗಳ ಪಂಜಾಬಿಯಲ್ಲಿ. ಇಲ್ಲಿ ಅವರ ಮಾತುಗಳನ್ನೆಲ್ಲ ನನ್ನ ಕನ್ನಡಕ್ಕೆ ತಂದುಕೊಂಡಿದ್ದೇನೆ. ಆದ್ದರಿಂದ ಯಾವ ಮಾತೂ ಅವರು ಆಡಿದ ಹಾಗೆಯೇ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಹೇಳಲು ಕಾರಣವಿದೆ. ನಾನು ಯೂನಿವರ್ಸಿಟಿಯಲ್ಲಿ ಓದಿದ್ದೇ ನೆನಪಿನ ಬಗ್ಗೆ. ಮನುಷ್ಯ ತಾನು ಕಂಡದ್ದನ್ನು ಹೇಗೆ ತನಗೆ ಗೊತ್ತಿಲ್ಲದೇ ತಿದ್ದಿಕೊಳ್ಳುತ್ತಾನೆ, ಇವತ್ತು ಕೇಳಿದ್ದನ್ನು ಎಂದೋ ಕೇಳಿದ್ದೆ ಎಂದು ಹೇಗೆ ಪ್ರಾಮಾಣಿಕವಾಗಿ ನಂಬುತ್ತಾನೆ ಎಂಬುದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ ಡಾಕ್ಟರೇಟ್ ತೆಗೆದುಕೊಂಡೆ. ಪಾಠ ಹೇಳುವುದು ಒಗ್ಗಲಿಲ್ಲ, ಬಿಟ್ಟೆ. ಈಗ ಸ್ಯಾನ್ ಡಿಯಾಗೋದಲ್ಲೇ, ಕರ್ನಿ ಮೆಸಾದ ಒಂದು ಆಫೀಸಿನಲ್ಲಿ, ಜನ ಫೋನಿನ ಪರದೆಯ ಮೇಲೆ ಎಲ್ಲಿ ತಡವರಿಸುತ್ತಾರೆ ಎಂದು ನೋಡುವ ಕೆಲಸ. ಯಾರಾದರೂ “ನನಗೆ ಚೆನ್ನಾಗಿ ನೆನಪಿದೆ” ಎಂದರೆ ಸಾಕು, ನನಗೆ ಅನುಮಾನ ಶುರುವಾಗುತ್ತದೆ. ಈ ಗುಣ ನನ್ನ ಮಾವನಿಗೆ ಎಂಥ ಉಪಕಾರ ಮಾಡಿತು ಎಂಬುದು ಮುಂದೆ ಬರುತ್ತದೆ.

ಲಾಕ್‌ಡೌನಿನ ತಿಂಗಳುಗಳಲ್ಲಿ ಅವರ ಬದುಕಿನ ಕಥೆ ನನಗೆ ಅಡುಗೆಮನೆಯ ಮೇಜಿನ ಮೇಲೆ ಚೂರುಚೂರಾಗಿ ಸಿಕ್ಕಿತು. ಜಲಂಧರದ ಹತ್ತಿರದ ಹಳ್ಳಿ. ಅಲ್ಲಿನ ಉಸ್ತಾದರೊಬ್ಬರ ಬಳಿ ಹಾರ್ಮೋನಿಯಂ ಕಲಿತು, ಹುಡುಗುತನ ಕಳೆಯುವ ಮೊದಲೇ ಮುಂಬೈಗೆ ಬಂದರು. ಮೊದಲ ವರ್ಷಗಳೆಲ್ಲ ಅರೇಂಜರ್ ಕೆಲಸ. ಸಿನಿಮಾ ಸಂಗೀತದಲ್ಲಿ ಧಾಟಿ ಕಟ್ಟುವವನು ಒಬ್ಬ. ಆ ಧಾಟಿಯ ಸುತ್ತ ಪಿಟೀಲು ಎಲ್ಲಿ ಬರಬೇಕು, ಕೊಳಲು ಎಲ್ಲಿ ಬರಬೇಕು ಎಂದು ಬರೆದುಕೊಡುವವನು ಇನ್ನೊಬ್ಬ. ಆ ಇನ್ನೊಬ್ಬನೇ ಅರೇಂಜರ್. ಮೊದಲನೆಯವನಿಗೆ ಏನೂ ಹೊಳೆಯದ ದಿನ ಧಾಟಿಯನ್ನೂ ಅರೇಂಜರೇ ಕಟ್ಟಿಕೊಡುತ್ತಾನೆ, ಹೆಸರು ಮಾತ್ರ ಮೊದಲನೆಯವನದು. ಪಾಪಾಜಿ ಕಟ್ಟಿದ ಹಿಂದಿ ಹಾಡುಗಳು ಹೀಗೆ ಬೇರೆಯವರ ಹೆಸರಿನಲ್ಲಿ ಎಷ್ಟಿವೆಯೋ, ನಾನು ಕೇಳಿದಾಗ ಅವರು ಕೈಬೀಸಿ ನಕ್ಕರು. ಅದರ ಬಗ್ಗೆ ಅವರಿಗೆ ಸಿಟ್ಟಿರಲಿಲ್ಲ. ಅದು ಆ ಕಸುಬಿನ ಮೆಟ್ಟಿಲು, ಎಲ್ಲರೂ ಹತ್ತುತ್ತಿದ್ದದ್ದು. ಆಮೇಲೆ ಪಂಜಾಬಿ ಸಿನಿಮಾಗಳು ಅವರದೇ ಹೆಸರಿನಲ್ಲಿ ಬಂದವು, ಕೆಲವು ಹಿಂದಿ ಸಿನಿಮಾಗಳೂ ಬಂದವು. ಸ್ವಲ್ಪ ಕಾಲ ಚೆನ್ನಾಗಿ ನಡೆಯಿತು. ಪಂಜಾಬಿನಲ್ಲಿ ಗಲಭೆಯ ಕಾಲ ಬಂದು ಸಂಜೆಯ ಆಟಕ್ಕೆ ಜನ ಬರುವುದೇ ನಿಂತಾಗ ನಿರ್ಮಾಪಕರು ಮಾಯವಾದರು. ಅದು ತಣ್ಣಗಾಗುವಷ್ಟರಲ್ಲಿ ವಾದ್ಯದವರ ಜಾಗಕ್ಕೆ ಕೀಬೋರ್ಡ್ ಬಂದಿತ್ತು. ನಂತರ ಸಂಗೀತ ಪಾಠ, ಜಾಹೀರಾತಿನ ಸಾಲುಗಳು, ಮತ್ತೆ ಪಾಠ.

ಅವರು ಧಾಟಿ ಕಟ್ಟುವ ರೀತಿ ನನಗೆ ಬಹಳ ಇಷ್ಟ. ಸಾಹಿತ್ಯ ಮೊದಲು ಬರುವುದಿಲ್ಲ. ಧಾಟಿ ಕಟ್ಟಿ, ಅದಕ್ಕೆ ಅರ್ಥವಿಲ್ಲದ ಯಾವುದಾದರೂ ಮಾತು ತುಂಬಿ ಹಾಡಿ ತೋರಿಸುತ್ತಾರೆ. ಅದಕ್ಕೆ ಡಮ್ಮಿ ಎನ್ನುತ್ತಾರೆ. ಕವಿ ಅದರ ಅಳತೆಗೆ ನಿಜವಾದ ಸಾಲು ಬರೆಯುತ್ತಾನೆ. ಪಾಪಾಜಿಯ ಡಮ್ಮಿಗಳೆಲ್ಲ ತರಕಾರಿ. ವಿರಹದ ಹಾಡನ್ನೂ ಹೂಕೋಸು, ಮೂಲಂಗಿ ಎಂದೇ ಕಟ್ಟುತ್ತಿದ್ದರಂತೆ. ನಮ್ಮ ಮನೆಯಲ್ಲೂ ಕೈಯಲ್ಲಿ ಬದನೆಕಾಯಿ ಇದ್ದರೆ ಅದೇ ಹಾಡು. ಹೆಂಡತಿ ಮೀಟಿಂಗಿನಲ್ಲಿದ್ದಾಗ ಮೈಕ್ ಮುಚ್ಚಿಕೊಂಡು, “ಪಾಪಾಜಿ, ಬದನೆಕಾಯಿ ಸ್ವಲ್ಪ ಮೆತ್ತಗೆ” ಎನ್ನುತ್ತಿದ್ದಳು.

ಈಗ ಆ ಧಾಟಿ. ಮದುವೆ ಮನೆಯ ಹಾಡು, ಹೆಣ್ಣನ್ನು ಕಳಿಸಿಕೊಡುವ ಸಂದರ್ಭದ್ದು. ಸಿನಿಮಾ ಓಡಲಿಲ್ಲ, ಹಾಡು ಓಡಿತು. ಎಷ್ಟು ಓಡಿತೆಂದರೆ ಪಂಜಾಬಿನ ಮದುವೆಗಳಲ್ಲಿ ಹೆಂಗಸರು ಅದನ್ನು ಡೋಲಕ್ ಇಟ್ಟುಕೊಂಡು ಹಾಡತೊಡಗಿದರು. ಒಂದು ತಲೆಮಾರು ಕಳೆಯುವಷ್ಟರಲ್ಲಿ ಸಿನಿಮಾ ಮರೆತುಹೋಯಿತು, ಹಾಡು ಮಾತ್ರ ಅಜ್ಜಿಯಂದಿರ ಬಾಯಲ್ಲಿ ಉಳಿಯಿತು. ಧಾಟಿ ಕಟ್ಟುವವನಿಗೆ ಇದಕ್ಕಿಂತ ದೊಡ್ಡ ಗೆಲುವು ಇಲ್ಲ. ಅದೇ ಗೆಲುವು ಅವರ ಕೊರಳಿಗೆ ಬಿತ್ತು.

ಆ ಹಾಡಿನ ಚರಣದಲ್ಲಿ ಒಂದು ವಿಚಿತ್ರವಿದೆ. ಸ್ವರ ಮೇಲೆ ಮೇಲೆ ಹೋಗುತ್ತದೆ, ಇನ್ನೊಂದು ಹೆಜ್ಜೆ ಹತ್ತುತ್ತದೆ ಎಂದು ಕಿವಿ ಕಾಯುತ್ತಿರುವಾಗ ಹತ್ತದೆ ಕೆಳಗೆ ಜಾರಿಬಿಡುತ್ತದೆ. ಹೆಣ್ಣು ಅಳು ನುಂಗಿದ ಹಾಗೆ ಎಂದು ಎಲ್ಲರೂ ಹೊಗಳುತ್ತಾರೆ. ಆದದ್ದೇ ಬೇರೆ. ರೆಕಾರ್ಡಿಂಗಿನ ದಿನ ಹಾಡುವಾಕೆಗೆ ನೆಗಡಿ. ಮೇಲಿನ ಸ್ವರ ಹಿಡಿಯುತ್ತಿಲ್ಲ, ಪ್ರತಿ ಸಲ ಒಡೆಯುತ್ತಿದೆ. ಮರುದಿನಕ್ಕೆ ಸ್ಟುಡಿಯೋ ಸಿಗುವುದಿಲ್ಲ. ಪಾಪಾಜಿ ಗಾಜಿನ ಆಚೆಯಿಂದ, “ಮೇಲೆ ಹೋಗ್ಬೇಡ ತಾಯಿ, ಅಲ್ಲಿಂದ್ಲೇ ಇಳಿದುಬಿಡು” ಅಂದರಂತೆ. ಇಳಿದಳು. ಪಿಟೀಲಿನವರು ತಪ್ಪಾಯಿತೆಂದು ನಿಲ್ಲಿಸಿದರು. “ತಪ್ಪಲ್ಲ, ಈಗ ಇದೇ ಹಾಡು” ಎಂದರು ಇವರು. ಆ ನೆಗಡಿಯ ಇಳಿತವನ್ನು ಇವತ್ತಿಗೂ ಹಳ್ಳಿಹಳ್ಳಿಯ ಹೆಂಗಸರು ಹಾಗೇ ಹಾಡುತ್ತಾರೆ, ಯಾಕೆಂದು ಗೊತ್ತಿಲ್ಲದೆ.

ಈ ಕಥೆಯನ್ನು ಅವರು ನನಗೆ ಹೇಳಿದ್ದು 2020ರ ವಸಂತದಲ್ಲಿ, ನಾವಿಬ್ಬರೂ ಮೇಜಿನ ಎರಡು ಬದಿಗೆ ಕೂತು ಬಟಾಣಿ ಬಿಡಿಸುತ್ತಿದ್ದಾಗ. ಹಾಗೆಂದು ನನಗೆ ನೆನಪು. ಈ ಎರಡನೆಯ ವಾಕ್ಯವನ್ನು ಬರೆಯದೇ ಇರಬಹುದಿತ್ತು.

2022ರಲ್ಲಿ ನಾವು ಮೂವರೂ ಸೋಫಾದ ಮೇಲೆ ಕೂತು ಆ ಇಂಗ್ಲಿಷ್ ಸಿನಿಮಾ ನೋಡಿದೆವು. ಇಲ್ಲೇ ಹುಟ್ಟಿ ಬೆಳೆದ ಹುಡುಗಿಯ ಮದುವೆಯ ಕಥೆ. ಕಳಿಸಿಕೊಡುವ ದೃಶ್ಯದಲ್ಲಿ ಧಾಟಿ ಬಂತು, ಮಾತಿಲ್ಲದೆ, ಒಂದು ಹೆಣ್ಣುದನಿಯ ಗುನುಗಾಗಿ. ಇಳಿತವೂ ಹಾಗೇ ಇತ್ತು. ಪಾಪಾಜಿ ಕಿತ್ತಳೆ ಸುಲಿಯುತ್ತಿದ್ದವರು ನಿಲ್ಲಿಸಿದರು. ಅವರ ಮುಖದಲ್ಲಿ ಕಂಡದ್ದು ಸಂತೋಷವೇ. ಅದರ ಬಗ್ಗೆ ನನಗೆ ಅನುಮಾನವಿಲ್ಲ. ಕೊನೆಯ ಹೆಸರುಗಳು ಬರುವವರೆಗೆ ಯಾರನ್ನೂ ಏಳಲು ಬಿಡಲಿಲ್ಲ. ‘ಸಾಂಪ್ರದಾಯಿಕ’ ಎಂದು ಬಂತು. ಹಿಂದಕ್ಕೆ ಓಡಿಸಿ ಮತ್ತೆ ನೋಡಿದರು.

“ನಾನಿನ್ನೂ ಬದುಕಿದ್ದೀನಲ್ಲ” ಎಂದರು, ಯಾರಿಗೂ ಅಲ್ಲದ ಹಾಗೆ.

ಅವರು ಬಯಸಿದ್ದು ಆ ಒಂದು ಪದ ಹೋಗಿ ಅಲ್ಲಿ ತಮ್ಮ ಹೆಸರು ಬರಬೇಕು ಎಂದು, ಅಷ್ಟೇ. ಹಣದ ಮಾತು ಯಾರೂ ಆಡಲಿಲ್ಲ. ಧ್ವನಿಮುದ್ರಿಕೆಯ ಕಂಪನಿಯೇ ಎಂದೋ ಮುಚ್ಚಿಹೋಗಿತ್ತು. ಹಿಂದಿ ಸಿನಿಮಾಗಳಲ್ಲಿ ಹೆಸರು ಬೇರೆಯವರದಾದಾಗ ನಕ್ಕವರು ಇಲ್ಲಿ ನಗಲಿಲ್ಲ. ಬೇರೆಯವನ ಹೆಸರಿದ್ದರೆ ಕನಿಷ್ಠ ಒಬ್ಬ ಮನುಷ್ಯ ಕೂತು ಕಟ್ಟಿದ್ದಾನೆ ಎಂದಾದರೂ ಇರುತ್ತದೆ. ಇದರಲ್ಲಿ ಅದೂ ಇರಲಿಲ್ಲ.

ಹೆಂಡತಿ ಮೇಲ್ ಬರೆದಳು. ಆ ಸಿನಿಮಾದ ಸಂಗೀತದ ಉಸ್ತುವಾರಿ ನೋಡಿಕೊಂಡಿದ್ದ ಮಹಿಳೆ ಲಾಸ್ ಏಂಜಲಿಸ್ ಪಕ್ಕದ ಬರ್ಬ್ಯಾಂಕಿನ ತನ್ನ ಆಫೀಸಿಗೆ ನಮ್ಮನ್ನು ಕರೆದಳು. ಸ್ಯಾನ್ ಡಿಯಾಗೋದಿಂದ ಬೆಳಿಗ್ಗೆ ಬೇಗ ಹೊರಟರೂ ಲಾಸ್ ಏಂಜಲಿಸ್ ಮುಟ್ಟಿದ ಕೂಡಲೇ ಟ್ರಾಫಿಕ್ ಹಿಡಿದುಕೊಂಡಿತು. ಪಾಪಾಜಿ ಇಸ್ತ್ರಿ ಮಾಡಿದ ಕೋಟು ಮುದುಡದ ಹಾಗೆ ದಾರಿಯುದ್ದಕ್ಕೂ ನೆಟ್ಟಗೆ ಕೂತಿದ್ದರು. ಆ ಮಹಿಳೆ ಒಳ್ಳೆಯವಳು. ಧಾಟಿ ಕೇಳಿ ಅತ್ತುಬಿಟ್ಟೆ ಎಂದಳು. ಅದು ಸಿಕ್ಕಿದ್ದು ಪಂಜಾಬಿನ ಹಳ್ಳಿಗಳಲ್ಲಿ ಯಾರೋ ಸಂಗ್ರಹಿಸಿದ ಮದುವೆ ಹಾಡುಗಳಲ್ಲಂತೆ. ಅಲ್ಲಿ ಸಾಂಪ್ರದಾಯಿಕ ಎಂದಿತ್ತು, ಇವರೂ ಹಾಗೇ ಹಾಕಿದರು. ಸರಿಪಡಿಸುವುದು ದೊಡ್ಡ ವಿಷಯವೇನಲ್ಲ, ವಕೀಲರನ್ನು ಒಂದು ಮಾತು ಕೇಳಿಬಿಡುತ್ತೇನೆ ಎಂದಳು. ವಾಪಸು ಬರುವಾಗ ಪಾಪಾಜಿ ಕೋಟು ಬಿಚ್ಚಿ ಹಿಂದಿನ ಸೀಟಿಗೆ ಎಸೆದು, ದಾರಿಯಲ್ಲಿ ಕಂಡ ಫಲಕಗಳ ಹೆಸರುಗಳಿಗೆಲ್ಲ ಧಾಟಿ ಹಾಕುತ್ತ ಬಂದರು.

ವಕೀಲರ ಉತ್ತರ ಬಂತು. ಅದರಲ್ಲಿ ಒಂದು ವಿಡಿಯೋದ ಕೊಂಡಿ ಇತ್ತು.

ಆ ವಿಡಿಯೋದ ದಿನ ನಾವೂ ಅಲ್ಲಿದ್ದೆವು. 2021ರ ಕೊನೆ, ಜನ ಮತ್ತೆ ಸೇರಲು ಶುರುಮಾಡಿದ್ದ ಕಾಲ. ಲಾಸ್ ಏಂಜಲಿಸ್‌ನ ಪಂಜಾಬಿಗಳು ಒಂದು ಶಾಲೆಯ ಸಭಾಂಗಣದಲ್ಲಿ ಪಾಪಾಜಿಗೆ ಸನ್ಮಾನ ಮಾಡಿದರು. ಶಾಲು ಹೊದಿಸಿದ ನಿರೂಪಕ, ಈ ಅಮರ ಧಾಟಿ ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದ. ಪಾಪಾಜಿ ಎರಡೂ ಕಿವಿ ಮುಟ್ಟಿಕೊಂಡು ಹೇಳಿದರು: “ಇದ್ರಲ್ಲಿ ನಂದೇನಿದೆ? ನಮ್ಮೂರ ಹೆಂಗಸರದ್ದು, ನಮ್ಮ ಉಸ್ತಾದರದ್ದು. ನಾನು ಎತ್ಕೊಂಡು ಬಂದೆ, ಅಷ್ಟೆ.” ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಸಂಘದವರು ಆ ತುಣುಕನ್ನು ಕತ್ತರಿಸಿ, ವಿನಯದ ಮೂರ್ತಿ ಎಂದು ತಲೆಬರಹ ಕೊಟ್ಟು, ಇಂಗ್ಲಿಷ್ ಅನುವಾದವನ್ನೂ ಸೇರಿಸಿ ಎಲ್ಲ ಕಡೆ ಹಂಚಿದರು. ಅನುವಾದ ತಪ್ಪಿಲ್ಲದೆ ಇತ್ತು. ಅದೇ ಅನರ್ಥವಾಯಿತು.

ಇವರ ಕಸುಬಿನಲ್ಲಿ ಉಸ್ತಾದರ ಮಾತು ಬಂದಾಗ ಕಿವಿ ಮುಟ್ಟಿಕೊಳ್ಳಬೇಕು. ವೇದಿಕೆಯ ಮೇಲೆ ‘ನನ್ನದು’ ಎನ್ನಬಾರದು. ಅಂದವನನ್ನು ಉಳಿದವರು ಹತ್ತಿರ ಸೇರಿಸುವುದಿಲ್ಲ. ತನ್ನ ಅತ್ಯುತ್ತಮ ಧಾಟಿಯನ್ನೇ ಊರಿಗೆ, ಗುರುವಿಗೆ, ಹಾದಿಯಲ್ಲಿ ಕೇಳಿದ ಫಕೀರನಿಗೆ ದಾಟಿಸುವುದು ಅಲ್ಲಿಯ ಮರ್ಯಾದೆ. ಕೇಳುವವನಿಗೂ ಗೊತ್ತು, ಹೇಳುವವನಿಗೂ ಗೊತ್ತು. ನಮ್ಮಲ್ಲಿ ಇಲ್ಲವೇ? ಕಛೇರಿ ಮುಗಿಸಿದ ವಿದ್ವಾಂಸರು “ಎಲ್ಲ ಗುರುಗಳ ಅನುಗ್ರಹ” ಎಂದರೆ, ಹಾಡಿದ್ದು ಗುರುಗಳೇ ಎಂದು ಮರುದಿನ ಯಾವ ಪತ್ರಿಕೆಯೂ ಬರೆಯುವುದಿಲ್ಲ. ಪಾಪಾಜಿ ಇದೇ ಮಾತನ್ನು ತಮ್ಮ ಪ್ರತಿಯೊಂದು ಹಾಡಿನ ಬಗ್ಗೆಯೂ ಹೇಳಿದ್ದಾರೆ, ಮುಂಬೈಯ ಕ್ಲಬ್ಬಿನ ಕುಣಿತದ ಹಾಡಿನ ಬಗ್ಗೆಯೂ. ಅದನ್ನು ಯಾವ ಊರಿನ ಹೆಂಗಸರು ಹಾಡುತ್ತಿದ್ದರು?

ವಕೀಲ ಇದನ್ನು ತಪ್ಪೊಪ್ಪಿಗೆ ಎಂದು ಓದಿದ. ನನ್ನ ಸಿಟ್ಟು ಶುರುವಾದದ್ದು ಅಲ್ಲಿ, ಅದಿನ್ನೂ ಮುಗಿದಿಲ್ಲ. ಅವನ ಪತ್ರದಲ್ಲಿ ನಮ್ಮ ಸಂಸ್ಕೃತಿಯ ಮೇಲೆ ಅಪಾರ ಗೌರವವಿತ್ತು. ಸಮುದಾಯದ ಆಸ್ತಿಗೆ ಒಬ್ಬ ವ್ಯಕ್ತಿಯ ಹೆಸರು ಹಚ್ಚಿದರೆ ಅದನ್ನು ಪೀಳಿಗೆಗಳಿಂದ ಕಾಪಾಡಿಕೊಂಡು ಬಂದ ಗ್ರಾಮೀಣ ಹೆಣ್ಣುಮಕ್ಕಳಿಗೆ ಅನ್ಯಾಯವಾಗುತ್ತದೆ ಎಂಬ ಕಳಕಳಿಯಿತ್ತು. ಆ ಹೆಣ್ಣುಮಕ್ಕಳಲ್ಲಿ ಒಬ್ಬಳ ಹೆಸರನ್ನಾದರೂ ಅವರು ಹಾಕಿದ್ದಾರೆಯೇ? ಇಲ್ಲ. ಯಾರ ಹೆಸರನ್ನೂ ಹಾಕದೆ ಇರುವುದಕ್ಕೆ ಎಲ್ಲರ ಹೆಸರನ್ನೂ ಬಳಸಿಕೊಳ್ಳುವ ಈ ಜಾಣತನವನ್ನು ನಾನು ಯೂನಿವರ್ಸಿಟಿಯ ಕಾರಿಡಾರುಗಳಲ್ಲಿ ಸಾಕಷ್ಟು ನೋಡಿದ್ದೆ. ಆಗ ಅದು ಒಬ್ಬ ಮುದುಕನ ಬಾಯಿಗೆ ಬಟ್ಟೆ ತುರುಕುವುದನ್ನು ನೋಡಿರಲಿಲ್ಲ.

2023ರಲ್ಲಿ ಲಾಸ್ ಏಂಜಲಿಸ್ ಹತ್ತಿರದ ಕಲ್ವರ್ ಸಿಟಿಯಲ್ಲಿ, ಆ ವಕೀಲನ ಆಫೀಸಿನಲ್ಲಿ ಒಂದು ಸಭೆ ನಡೆಯಿತು. ಕೋರ್ಟಲ್ಲ, ಕೇಸೂ ಅಲ್ಲ. ಎರಡೂ ಕಡೆಯವರು ಕೂತು ಮಾತಾಡಿ ತೀರ್ಮಾನಿಸೋಣ ಎಂದಿದ್ದರು. ಅವರ ವಕೀಲ ಭಾರತದ ಮೂಲದವನೇ, ಇಲ್ಲಿ ಹುಟ್ಟಿದವನು. ಇಂಗ್ಲಿಷಿನ ಪ್ರತಿ ವಾಕ್ಯಕ್ಕೂ ಒಂದು ‘ಅಂಕಲ್’ ಸೇರಿಸುತ್ತಿದ್ದ. ಆ ಪದವನ್ನು ನಾನು ಅಷ್ಟು ದ್ವೇಷಿಸಿದ ದಿನ ಇನ್ನೊಂದಿಲ್ಲ.

ನಮ್ಮ ಬಳಿ ಇದ್ದ ಗಟ್ಟಿ ಆಧಾರ ಒಂದೇ, ಆ ಇಳಿತದ ಕಥೆ. ಧ್ವನಿಮುದ್ರಿಕೆಯ ಮೇಲೆ ಪಾಪಾಜಿಯ ಹೆಸರಿತ್ತು, ನಿಜ. ಆದರೆ ಸಿನಿಮಾದವರು ಜನಪದ ಧಾಟಿಗಳನ್ನು ಎತ್ತಿಕೊಂಡು ತಮ್ಮ ಹೆಸರು ಹಾಕಿಕೊಳ್ಳುವುದು ಹೊಸತೇ ಅಂಕಲ್ ಎಂದು ವಕೀಲ ಮೊದಲೇ ಬಾಗಿಲು ಹಾಕಿದ್ದ. ಆ ಇಳಿತ ಒಬ್ಬ ಗಾಯಕಿಯ ನೆಗಡಿಯಿಂದ ಹುಟ್ಟಿದ್ದಾದರೆ, ಹೆಂಗಸರು ಅದನ್ನು ಸಿನಿಮಾದಿಂದ ಕಲಿತರೇ ಹೊರತು ಸಿನಿಮಾ ಅವರಿಂದ ಕಲಿಯಲಿಲ್ಲ. ಆ ದಿನ ಸ್ಟುಡಿಯೋದಲ್ಲಿದ್ದ ಬೇರೆ ಯಾರೂ ಈಗ ಇಲ್ಲ. ಗಾಯಕಿ ಇಲ್ಲ, ನಿರ್ಮಾಪಕನಿಲ್ಲ. ಮಗಳಿಗೂ ಅವರು ಹೇಳಿರಲಿಲ್ಲ. ಗಾಯಕಿಯ ಗಂಟಲಿನ ಮಾತು ಹೊರಗೆ ಹೋಗಬಾರದು ಎಂಬುದೂ ಅವರ ಕಸುಬಿನ ಮರ್ಯಾದೆಗಳಲ್ಲಿ ಒಂದು. ಹೇಳಿದ್ದು ನನಗೆ, ಬಟಾಣಿ ಬಿಡಿಸುವಾಗ, ಇಂಗ್ಲಿಷ್ ಸಿನಿಮಾ ಬರುವುದಕ್ಕೆ ಎರಡು ವರ್ಷ ಮೊದಲು. ಜಗಳವೇ ಇಲ್ಲದಾಗ ಹೇಳಿದ ಮಾತು ಎಂಬುದೇ ಅದರ ತೂಕ.

ವಕೀಲ ನನ್ನ ಕಡೆ ತಿರುಗಿದ. ನೀವು ಓದಿದ ವಿಷಯ ಏನು ಎಂದು ಕೇಳಿದ. ಅವನಿಗೆ ಗೊತ್ತಿತ್ತು, ಓದಿಕೊಂಡೇ ಬಂದಿದ್ದ. ಹೇಳಿದೆ. ಹಾಗಾದರೆ ನಿಮ್ಮ ತಿಳಿವಳಿಕೆಯ ಪ್ರಕಾರ, ಅಂಕಲ್ ಈ ಕಥೆಯನ್ನು ಸಿನಿಮಾ ನೋಡಿದ ಮೇಲೆ ನಿಮಗೆ ಹೇಳಿದ್ದು, ಅದು ನಿಮ್ಮ ಮನಸ್ಸಿನಲ್ಲಿ ಹಿಂದಕ್ಕೆ ಸರಿದು ಲಾಕ್‌ಡೌನಿನ ಮೇಜಿನ ಮೇಲೆ ಕೂತಿದೆ ಎನ್ನುವುದು ಸಾಧ್ಯವೇ ಎಂದು ಕೇಳಿದ.

ಹೆಂಡತಿ ನನ್ನನ್ನು ನೋಡುತ್ತಿದ್ದಳು. ಪಾಪಾಜಿ ನೋಡುತ್ತಿರಲಿಲ್ಲ. ಬಟಾಣಿಯ ಹಸಿರು ಸಿಪ್ಪೆ ನನಗೆ ಕಾಣುತ್ತಿತ್ತು, ಪಾಪಾಜಿಯ ಹೆಬ್ಬೆರಳ ಉಗುರಿನ ಹಸಿರು ಕಾಣುತ್ತಿತ್ತು. ಆದರೆ ಬಟಾಣಿಯನ್ನು ನಾವು 2022ರಲ್ಲೂ ಬಿಡಿಸಿದ್ದೇವೆ. ಸಿನಿಮಾ ನೋಡಿದ ವಾರದಲ್ಲಿ ಅವರು ಆ ಹಾಡಿನ ಬಗ್ಗೆ ತುಂಬ ಮಾತಾಡಿದ್ದರು. ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂಬುದು ಎಷ್ಟು ನಿಜ ಎಂಬುದನ್ನು ಹೇಳುವುದಿಲ್ಲ. ಇದನ್ನೇ ನಾನು ಪುಟಗಟ್ಟಲೆ ಬರೆದು ಪದವಿ ಪಡೆದದ್ದು.

“ಸಾಧ್ಯ” ಎಂದೆ.

ಆ ವಕೀಲ ಅದನ್ನು ಬರೆದುಕೊಳ್ಳಲೂ ಇಲ್ಲ. ಪೆನ್ನಿನ ಮುಚ್ಚಳ ಹಾಕಿದ.

ನನಗೆ ಇವತ್ತಿಗೂ ಉರಿಯುವುದು ಈ ಲೆಕ್ಕಾಚಾರ. ಸನ್ಮಾನದ ವೇದಿಕೆಯ ಮೇಲೆ ಸಂಕೋಚದಿಂದ ಆಡಿದ ಒಂದು ಮಾತನ್ನು ಕಲ್ಲಿನ ಮೇಲೆ ಕೆತ್ತಿದ್ದೆಂದು ಹಿಡಿದವರು, ಮನೆಯ ಮೇಜಿನ ಮೇಲೆ ಸಹಜವಾಗಿ ಆಡಿದ ಮಾತನ್ನು ನೀರಿನ ಮೇಲೆ ಬರೆದದ್ದು ಎಂದರು. ಕ್ಯಾಮೆರಾ ಇದ್ದದ್ದು ಒಂದು ಕಡೆ ಮಾತ್ರ. ನೆನಪು ಮೋಸ ಮಾಡುತ್ತದೆ ಎಂದು ನಾವು ಪ್ರಯೋಗ ಮಾಡಿ ತೋರಿಸಿದ್ದೆಲ್ಲ ಕೊನೆಗೆ ಯಾರ ಕೈಗೆ ಸಿಕ್ಕಿತು ನೋಡಿ. ಕಾಗದ ಇರುವವರಿಗೆ ಅದರ ಅಗತ್ಯವಿಲ್ಲ; ನೆನಪು ಒಂದೇ ಇರುವವರ ಮೇಲೆ ಅದನ್ನು ಬೀಸುತ್ತಾರೆ.

ಆಗ ಪಾಪಾಜಿ ಮಾತಾಡಿದರು. ಹೆಂಡತಿ ಹಿಂದಿನ ದಿನವೇ ಬೇಡಿಕೊಂಡಿದ್ದಳು: ನಾಳೆ ಊರು ಬೇಡ, ಉಸ್ತಾದರು ಬೇಡ, ನಾನು ಕಟ್ಟಿದ್ದು ಅಂತ ಒಂದೇ ಮಾತು ಹೇಳಿ ಎಂದು. ಅವರು ಊಟ ಬಿಟ್ಟು ಎದ್ದುಹೋಗಿದ್ದರು. ಈಗ ಮೇಜಿನ ಮೇಲೆ ಎರಡೂ ಅಂಗೈ ಊರಿಕೊಂಡು, ಇಂಗ್ಲಿಷಿನಲ್ಲಿ, ಒಂದೊಂದೇ ಪದವಾಗಿ ಹೇಳಿದರು:

“ಆ ಧಾಟಿ ನನ್ನದು. ನಮ್ಮೂರದ್ದಲ್ಲ. ನಮ್ಮ ಉಸ್ತಾದರದ್ದೂ ಅಲ್ಲ. ನಾನು ಕಟ್ಟಿದೆ.”

ಕಣ್ಣು ಕೆಂಪಾಗಿತ್ತು. ವಕೀಲ ಬಹಳ ಮೃದುವಾಗಿ ಕೇಳಿದ, ಹಾಗಾದರೆ ಅವತ್ತು ವೇದಿಕೆಯ ಮೇಲೆ ನೀವು ಸುಳ್ಳು ಹೇಳಿದಿರಾ ಅಂಕಲ್? ನನ್ನ ಹೆಂಡತಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಅವಳು ಅವನಿಗೆ ಪಂಜಾಬಿಯಲ್ಲಿ ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಅವನಿಗೆ ಭಾಷೆ ಬರುತ್ತಿರಲಿಲ್ಲ, ಅದೊಂದೇ ಬೇಸರ.

ವಾಪಸು ಬರುವಾಗ ಅವಳು ಡ್ರೈವ್ ಮಾಡಿದಳು. ಲಾಸ್ ಏಂಜಲಿಸ್ ದಾಟಿದ ಮೇಲೆ ಬಲಗಡೆ ಸಮುದ್ರ ಕಾಣಲು ಶುರುವಾಯಿತು. ಆಗ ಅವಳು ರಸ್ತೆಯಿಂದ ಕಣ್ಣು ತೆಗೆಯದೆ, “ಒಂದ್ಸಲ, ಒಂದೇ ಸಲ ನಿನಗೆ ಖಾತ್ರಿ ಇರಬಾರದಿತ್ತಾ?” ಎಂದಳು. ನಾನು ಏನೋ ಹೇಳಹೊರಟೆ, ಪುರಾವೆ, ಪ್ರಾಮಾಣಿಕತೆ ಎಂದೆಲ್ಲ. ಹಿಂದಿನ ಸೀಟಿನಿಂದ ಪಾಪಾಜಿ ನನ್ನ ಹೆಗಲ ಮೇಲೆ ಕೈಯಿಟ್ಟರು.

“ನೀನು ಸುಳ್ಳು ಹೇಳ್ಲಿಲ್ಲ ಪುತ್ತರ್, ನಂಗೊತ್ತು. ಆದ್ರೆ ನಿನ್ನ ನಿಜ ತಗೊಂಡು ನಾನೇನ್ ಮಾಡ್ಲಿ?”

ಆ ಕೋಣೆಗೆ ಮತ್ತೆ ಹೋದರೆ ಅದೇ ಒಂದು ಪದವನ್ನೇ ಹೇಳುತ್ತೇನೆ, ಮತ್ತೆ ಅಷ್ಟೇ ಸಿಟ್ಟಾಗುತ್ತೇನೆ.

ಕೆಲವು ವಾರಗಳ ನಂತರ ಬರ್ಬ್ಯಾಂಕಿನ ಆ ಮಹಿಳೆಯಿಂದ ಫೋನ್ ಬಂತು. ದನಿಯಲ್ಲಿ ನಿಜವಾದ ಸಂತೋಷ. ತುಂಬ ಹೋರಾಡಿ ವಕೀಲರನ್ನು ಒಪ್ಪಿಸಿದ್ದಳಂತೆ. ಹೆಸರು ಹಾಕುತ್ತಾರೆ: ‘ಸಾಂಪ್ರದಾಯಿಕ’ ಎಂಬುದು ಹಾಗೇ ಇರುತ್ತದೆ, ಅದರ ಕೆಳಗೆ ಅರೇಂಜರ್ ಎಂದು ಪಾಪಾಜಿಯ ಹೆಸರು.

ಅವಳಿಗೆ ಆ ಪದದ ಅರ್ಥ ಗೊತ್ತಿರಲಿಲ್ಲ ಎಂದಲ್ಲ, ಅವಳ ದಿನನಿತ್ಯದ ಪದವೇ ಅದು. ಆದರೆ ಪಾಪಾಜಿ ಯಾವ ಮೆಟ್ಟಿಲಿನಿಂದ ಹತ್ತಿ ಬಂದರು ಎಂಬುದು ಅವಳಿಗೆ ಹೇಗೆ ಗೊತ್ತಾಗಬೇಕು. ಹೆಂಡತಿ ಫೋನನ್ನು ಕೈಯಲ್ಲೇ ಮುಚ್ಚಿಕೊಂಡು ಅಪ್ಪನಿಗೆ ಹೇಳಿದಳು. ತೆಗೆದುಕೊಂಡುಬಿಡಿ ಎಂದು ನಾನೂ ಮನಸ್ಸಿನಲ್ಲೇ ಅಂದುಕೊಂಡೆ. ಹೆಸರು ಬರುತ್ತದಲ್ಲ, ನೋಡುವವರು ಹೆಸರು ನೋಡುತ್ತಾರೆ.

“ಅರೇಂಜರ್ ಆಗಿ ನನ್ನ ಹೆಸರು ಎಲ್ಲೂ ಬಂದಿರಲಿಲ್ಲ” ಎಂದರು ಪಾಪಾಜಿ. “ಈಗ ಬರೋದು ಬೇಡ. ತೆಗೆಸು.”

“ಪಾಪಾಜಿ, ಇದೂ ಹೋಗುತ್ತೆ.”

“ಹೋಗ್ಲಿ. ಒಂದ್ಸಲ ನನ್ನದು ಅಂದಾಯ್ತು. ಇನ್ನು ಅರ್ಧ ನನ್ನದು ಅನ್ನೋಕೆ ಆಗಲ್ಲ.”

ಹೆಂಡತಿ ಬೇಡ ಎಂದು ತಿಳಿಸಿದಳು. ಆ ಮಹಿಳೆಗೆ ನೋವಾಯಿತು. ಇಷ್ಟು ಮಾಡಿದರೂ ಎಂಬ ನೋವು. ಸಿನಿಮಾ ಇವತ್ತಿಗೂ ಅದೇ ಪದದೊಂದಿಗೆ ಓಡುತ್ತಿದೆ. ಪಾಪಾಜಿ ಬಹಳ ದಿನ ಹಾರ್ಮೋನಿಯಂ ಮುಟ್ಟಲಿಲ್ಲ. ಉಸ್ತಾದರದ್ದಲ್ಲ ಎಂದು ಬಾಯಿಬಿಟ್ಟು ಹೇಳಿದ್ದು ಅವರಿಗೆ ಜೀರ್ಣವಾಗಿರಲಿಲ್ಲ ಎಂದು ಹೆಂಡತಿ ಹೇಳುತ್ತಾಳೆ. ನನಗೆ ಕಂಡದ್ದು ಬೇರೆ. ಅವರು ಒಳ್ಳೆಯ ಮಾತುಗಳನ್ನು ಆಡುವುದನ್ನೇ ಬಿಟ್ಟರು. ಯಾರಾದರೂ ಹೊಗಳಿದರೆ ಮೊದಲು ಅಷ್ಟುದ್ದ ಬರುತ್ತಿದ್ದ ಊರು, ಗುರು, ದೇವರು ಎಲ್ಲ ಹೋಗಿ ಬರಿಯ ತಲೆಯಾಡಿಸುವುದಷ್ಟೇ ಉಳಿಯಿತು.

ಕಳೆದ ವರ್ಷ ಒಂದು ಭಾನುವಾರ ನಮ್ಮ ಕನ್ನಡದವರೊಬ್ಬರ ಮನೆಯಲ್ಲಿ ಊಟ. ಮನೆಯ ಯಜಮಾನರು ಬೆಂಗಳೂರಿನವರು, ಟೆಲಿಕಾಂ ಎಂಜಿನಿಯರ್, ಹಳೆಯ ಹಾಡುಗಳ ಹುಚ್ಚು. ಪಾಪಾಜಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಬಡಿಸಿದರು, ಹೋಳಿಗೆಗೆ ತುಪ್ಪ ಹಾಕಿದರು, ಆ ಹಾಡನ್ನು ಎತ್ತಿದರು. ಎಲ್ಲರೂ ಕೇಳುವ ಹಾಗೆ ಹಿಂದಿಯಲ್ಲಿ, ಅಂಥ ಧಾಟಿ ಮೇಲಿನವನ ಕೃಪೆ ಇಲ್ಲದೆ ಬರುವುದಿಲ್ಲ ಅಲ್ಲವೇ ಅಂಕಲ್ ಎಂದರು.

“ನಾನೇ ಕಟ್ಟಿದ್ದು” ಎಂದರು ಪಾಪಾಜಿ. “ಬೇರೆ ಯಾರೂ ಇರಲಿಲ್ಲ.”

ಯಾರೋ ಮಜ್ಜಿಗೆ ಕೇಳಿದರು. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುವಲ್ಲಿ ಯಜಮಾನರು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕನ್ನಡದಲ್ಲಿ ಹೇಳಿದರು: “ತಪ್ಪು ತಿಳ್ಕೋಬೇಡಿ ಸಾರ್. ದೊಡ್ಡ ಮನುಷ್ಯರು, ಇಲ್ಲ ಅನ್ನಲ್ಲ. ಆದ್ರೂ ನಿಮ್ ಮಾವನೋರಿಗೆ ಸ್ವಲ್ಪ ಜಂಭ ಅನ್ಸಲ್ವಾ? ನಮ್ಮಲ್ಲಿ ದೊಡ್ಡೋರು ಅಂದ್ರೆ ನಂದೇನಿಲ್ಲ ಅಂತಾರೆ.”

“ಅಂದಿದ್ರು” ಎಂದೆ. “ಅಂದಿದ್ದಕ್ಕೇ ಹೋಯ್ತು.”

ಅವರಿಗೆ ಅರ್ಥವಾಗಲಿಲ್ಲ, ನಾನು ಬಿಡಿಸಿ ಹೇಳಲಿಲ್ಲ. ನನ್ನ ಮುಖ ಹೇಗಿತ್ತೋ, ಆಮೇಲೆ ಆ ಮನೆಯಿಂದ ಕರೆ ಬಂದಿಲ್ಲ. ಕಾರಿನಲ್ಲಿ ಪಾಪಾಜಿ, ಅವ್ನೇನಂದ ಎಂದು ಕೇಳಿದರು. ನಾನು ಯಾವುದನ್ನೂ ಮೆತ್ತಗೆ ಮಾಡದೆ ಹೇಳಿದೆ, ನಿಮಗೆ ಜಂಭ ಅಂದರು ಎಂದು. ಅವರು ಕಿಟಕಿಯ ಗಾಜು ಇಳಿಸಿದರು.

“ಆ ಜಂಭ ಸ್ವಲ್ಪ ಮೊದಲೇ ಬಂದಿದ್ರೆ ಚೆನ್ನಾಗಿತ್ತು” ಎಂದರು.

ಹೀಗೆಂದರು ಎಂದು ನನಗೆ ನೆನಪು. ಗಾಳಿಯ ಸದ್ದಿತ್ತು, ನಾನು ಡ್ರೈವ್ ಮಾಡುತ್ತಿದ್ದೆ. ಹೆಂಡತಿ ಪಕ್ಕದಲ್ಲೇ ಇದ್ದಳು, ಅವಳನ್ನು ಕೇಳಿದರೆ ಹೌದೋ ಅಲ್ಲವೋ ಗೊತ್ತಾಗುತ್ತದೆ. ಕೇಳಿಲ್ಲ. ಕೇಳುವುದೂ ಇಲ್ಲ.